ಟೆಂಟರ್ ಫೀಲ್ಡಿನ ಉತ್ತರದ ಗೋಲು

ಕ್ಲೆಗ್‌ಡೇಲ್
9 ಮಾರ್ಚ್ 1997

ನಾರ್ಮನ್,

ಹೇಗಿದ್ದೀಯ ಎಂದು ಕೇಳಲು ಈ ಕಾಗದ ಬರೆಯುತ್ತಿಲ್ಲ. ಹದಿನಾಲ್ಕು ತಿಂಗಳ ಹಿಂದೆ ಹೇಳದೆ ಕೇಳದೆ ಬ್ರಿಡ್ಲಿಂಗ್ಟನ್ನಿಗೆ ಹೋಗಿ ಸಮುದ್ರದ ದಂಡೆಯಲ್ಲಿ ಕೂತ ತಮ್ಮನ ಕ್ಷೇಮಸಮಾಚಾರ ನನಗೆ ಬೇಕಿಲ್ಲ. ನಿನ್ನ ವಿಳಾಸವನ್ನು ಮಾಂಸದಂಗಡಿಯವನಿಂದ ಪಡೆಯಬೇಕಾಯಿತು. ಅವನಿಗೆ ಕ್ರಿಸ್‌ಮಸ್ ಕಾರ್ಡ್ ಹಾಕುತ್ತೀಯಂತೆ, ಸಂತೋಷ. ನನಗೆ ಬೇಕಿರುವುದು ನಿನ್ನ ಪುಸ್ತಕ.

ಟೆಂಟರ್ ಫೀಲ್ಡನ್ನು ಒಂದು ಅಂಗಡಿ ಕಂಪನಿ ಕೊಂಡಿದೆ. ಫುಟ್‌ಬಾಲ್ ಕ್ಲಬ್ಬಿನವರು ಹೆದ್ದಾರಿ ಪಕ್ಕದ ಹೊಸ ಮೈದಾನಕ್ಕೆ ಹೋದಂದಿನಿಂದ ಗೇಟಿಗೆ ಬೀಗ ಬಿದ್ದಿತ್ತು, ಇನ್ನು ಮೇಲೆ ಅಲ್ಲಿ ಕಾರು ನಿಲ್ಲಿಸುತ್ತಾರೆ, ಕೋಸು ಮಾರುತ್ತಾರೆ. ಉಣ್ಣೆ ಬಟ್ಟೆ ಎಳೆದು ಕಟ್ಟಿ ಒಣಗಿಸುತ್ತಿದ್ದ ಬಯಲನ್ನು ನಮ್ಮ ಅಜ್ಜನ ಕಾಲದವರು ಸಮ ಮಾಡಿ ಮೈದಾನ ಮಾಡಿದ್ದು ಯಾರಿಗೂ ನೆನಪಿಲ್ಲ. ಗಿರಣಿಯಲ್ಲಿ ಹತ್ತು ಗಂಟೆ ದುಡಿದು, ಬಾಯ್ಲರಿನಲ್ಲಿ ಕಲ್ಲಿದ್ದಲು ಉರಿದು ಉಳಿದ ಕಿಟ್ಟವನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಬಂದು, ಎರಡು ವರ್ಷ ಸುರಿದು ಸುರಿದು, ಪಂದ್ಯ ನೋಡುವವರು ನಿಲ್ಲಲೆಂದು ಆ ದಕ್ಷಿಣದ ದಿಬ್ಬ ಎಬ್ಬಿಸಿದರು. ಕೊನೆಗೆ ಅದರ ಮೇಲೆ ನಿಂತವರು ಯಾರು? ನಮ್ಮ ಎದುರಾಳಿ ರಾಸ್‌ಬಿಯ ಕಡೆಯವರು! ನಮ್ಮವರ ಬೆವರಿನ ಮೇಲೆ ನಿಂತು ನಮ್ಮನ್ನೇ ಬೈದು ಹಾಡುತ್ತಿದ್ದರು. ಅಜ್ಜ ಸಾಯುವವರೆಗೂ ಆ ಹೊಟ್ಟೆಯುರಿ ಬಿಡಲಿಲ್ಲ. ಮೂವತ್ತೆಂಟರ ಕಪ್ ಪಂದ್ಯಕ್ಕೆ ಇಪ್ಪತ್ತೊಂದು ಸಾವಿರ ಜನ ಸೇರಿದ್ದಾಗ ಅಪ್ಪ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದ, ನನಗೆ ಕಂಡದ್ದು ಮುಂದಿದ್ದವರ ಕೋಟುಗಳು ಮಾತ್ರ.

ಇದನ್ನೆಲ್ಲ ಪುರಸಭೆಯಲ್ಲಿ ಹೇಳಿದೆ. ಕೇಳಿಸಿಕೊಂಡವನು ಕಂಪನಿಯ ಒಬ್ಬ ಹುಡುಗುಮುಖದ ಅಧಿಕಾರಿ. ಉತ್ತರದ ಗೋಲ್‌ಕಂಬಗಳ ಮುಂದಿನ ಹುಲ್ಲಿನ ಕೆಳಗೆ ಕ್ಲಬ್ಬಿನ ಅಭಿಮಾನಿಗಳಾಗಿದ್ದ ನಲವತ್ತೊಂದು ಮಂದಿಯ ಚಿತಾಭಸ್ಮವಿದೆ, ಅಷ್ಟು ಜಾಗ ಬಿಟ್ಟು ಕಟ್ಟಿ ಎಂದು ಅವರ ಮನೆಯವರೆಲ್ಲ ಕೇಳಿದೆವು. ಅವನು ಕಾಫಿ ಕುಡಿಯುತ್ತಾ ಅಂದ: "ಅಮ್ಮಾ, ಇಷ್ಟು ವರ್ಷಕ್ಕೆ ಅದೆಲ್ಲ ಮಣ್ಣಾಗಿ ಹೋಗಿರತ್ತೆ. ಮಣ್ಣಿಗೆ ಹೆಸರಿರಲ್ಲ."

"ನಿಮ್ಮಪ್ಪನ ಮೇಲೆ ಯಾರಾದ್ರೂ ತರಕಾರಿ ಅಂಗಡಿ ಕಟ್ಲಿ, ಆಗ ಈ ಮಾತು ಹೇಳಿ ನೋಡೋಣ" ಎಂದೆ. ಆಮೇಲೆ ಅವನು ಕಾಫಿ ಮುಟ್ಟಲಿಲ್ಲ.

ಅವರಿಗೆ ಪುರಾವೆ ಬೇಕಂತೆ. ಮೂವತ್ತೊಂದು ವರ್ಷ ಆ ಮೈದಾನದ ಹುಲ್ಲು ನೋಡಿಕೊಂಡವನು ನೀನು. ಪ್ರತಿಯೊಬ್ಬರಿಗೂ ಹುಲ್ಲಿನ ಹೆಂಟೆ ಎತ್ತಿ ಗುಂಡಿ ತೋಡಿದ್ದು ನಿನ್ನ ಕೈ. ನಿನ್ನ ಭಾವ ವಿಲ್ಫ್‌ನನ್ನು ಅಲ್ಲಿಟ್ಟದ್ದೂ ನೀನೇ, ನಾನು ಪಕ್ಕದಲ್ಲೇ ನಿಂತಿದ್ದೆ. ಯಾರು, ಯಾವ ದಿನ, ಯಾವ ಜಾಗ ಎಂದು ಒಂದು ಹಸಿರು ಪುಸ್ತಕದಲ್ಲಿ ಬರೆಯುತ್ತಿದ್ದೆ. ಅದನ್ನು ಕಳಿಸು. ಜೊತೆಗೆ ಸಹಿ ಹಾಕಿದ ಒಂದು ಕಾಗದ. ಇಷ್ಟು ಮಾಡಿದರೆ ಸಾಕು, ಆಮೇಲೆ ಸಮುದ್ರ ನೋಡುತ್ತಾ ಕೂತಿರು.

ಎಡ್ನಾ ಹೆಪ್‌ವರ್ತ್


ಕ್ಲೆಗ್‌ಡೇಲ್
2 ಏಪ್ರಿಲ್ 1997

ನಾರ್ಮನ್,

ಈಸ್ಟರ್ ಮುಗಿಯಿತು. ಕಾಗದವೂ ಇಲ್ಲ, ಪುಸ್ತಕವೂ ಇಲ್ಲ. ನಿನ್ನ ಮನೆಯೊಡತಿಗೆ ಫೋನ್ ಮಾಡಿದರೆ ನೀನು ಹೊರಗೆ ಹೋಗಿದ್ದೀಯ ಎಂದಳು. ಅವಳ ಹಿಂದೆ ನೀನು ಕೆಮ್ಮಿದ್ದು ನನಗೆ ಕೇಳಿಸಿತು. ಅರವತ್ತಾರು ವರ್ಷದಿಂದ ಕೇಳುತ್ತಿರುವ ಕೆಮ್ಮು ಅದು.

ಸಭೆಯಲ್ಲಿ ಎಲ್ಲರೂ ನನ್ನನ್ನೇ ಕೇಳುತ್ತಾರೆ, ನಿನ್ನ ತಮ್ಮ ಏನಂದ, ಯಾವಾಗ ಬರುತ್ತಾನೆ ಎಂದು. ನಾಚಿಕೆಯಿಂದ ತಲೆ ಎತ್ತಲಾರೆ. ಆಲಿವ್ ಬ್ಯಾರಕ್ಲಫ್‌ಗೆ ಎಂಬತ್ತನಾಲ್ಕು, ಅವಳ ಗಂಡ ಅಲ್ಲಿದ್ದಾನೆ. ಅವಳು ನಿನ್ನನ್ನು ದೇವರಂಥ ಮನುಷ್ಯ ಅನ್ನುತ್ತಾಳೆ. ಆ ದೇವರಂಥ ಮನುಷ್ಯನಿಗೆ ಒಂದು ಪುಸ್ತಕ ಅಂಚೆಗೆ ಹಾಕಲು ಆಗುವುದಿಲ್ಲವೆ?

ಎಡ್ನಾ ಹೆಪ್‌ವರ್ತ್


ಬ್ರಿಡ್ಲಿಂಗ್ಟನ್
11 ಏಪ್ರಿಲ್ 1997

ಪ್ರೀತಿಯ ಅಕ್ಕನಿಗೆ,

ಪುಸ್ತಕ ಕಳೆದುಹೋಗಿದೆ. ಮನೆ ಬದಲಾಯಿಸುವಾಗ ಎಲ್ಲೋ ಬಿದ್ದಿರಬೇಕು.

ಈ ಜಗಳ ಬಿಟ್ಟುಬಿಡು. ಕಂಪನಿಯವರು ಬಾಗಿಲ ಹತ್ತಿರ ಹೆಸರು ಕೆತ್ತಿದ ಕಲ್ಲು ಹಾಕುತ್ತೇವೆ ಎಂದದ್ದನ್ನು ಪತ್ರಿಕೆಯಲ್ಲಿ ಓದಿದೆ. ಒಪ್ಪಿಕೊಳ್ಳಿ. ಹುಲ್ಲನ್ನು ಉಳಿಸಿ ಏನು ಮಾಡುತ್ತೀರಿ? ನೋಡಿಕೊಳ್ಳುವವರು ಯಾರು? ಮೂವತ್ತೊಂದು ವರ್ಷ ಆ ಹುಲ್ಲಿಗೆ ನನ್ನ ಮೊಣಕಾಲು ಕೊಟ್ಟೆ. ಹೊಸ ಮೈದಾನಕ್ಕೆ ಹೋಗುವಾಗ ಕ್ಲಬ್ಬಿನವರು ನನಗೆ ಎರಡು ವಾರದ ನೋಟಿಸು ಕೊಟ್ಟು, ಒಂದು ಗಡಿಯಾರ ಕೊಟ್ಟು ಕಳಿಸಿದರು. ಕೈಗಡಿಯಾರವಲ್ಲ, ಗೋಡೆ ಗಡಿಯಾರ. ಅವತ್ತು ಈ ನಲವತ್ತೊಂದು ಮನೆಯವರಲ್ಲಿ ಒಬ್ಬರಾದರೂ ಕ್ಲಬ್ಬಿನ ಕಚೇರಿಗೆ ಹೋಗಿ ಕೂಗಾಡಿದರಾ? ನೀನು ಹೋಗಿದ್ದೆಯ? ಹೇಳದೆ ಕೇಳದೆ ಹೋದ ಅನ್ನುತ್ತೀಯ. ಯಾರಿಗೆ ಹೇಳಲಿ, ಯಾರು ಕೇಳುತ್ತಿದ್ದರು?

ನಾನು ಬರುವುದಿಲ್ಲ. ಸಹಿಯನ್ನೂ ಹಾಕುವುದಿಲ್ಲ.

ನಿನ್ನ ತಮ್ಮ,
ನಾರ್ಮನ್


ಕ್ಲೆಗ್‌ಡೇಲ್
28 ಏಪ್ರಿಲ್ 1997

ನಾರ್ಮನ್,

ನಿನ್ನ ಸಹಿ ಇಲ್ಲದೆಯೂ ಗೆದ್ದೆವು.

ನಲವತ್ತೊಂದು ಮನೆಯವರೂ ವಕೀಲರ ಮುಂದೆ ಪ್ರಮಾಣ ಮಾಡಿ ಬರೆದುಕೊಟ್ಟೆವು, ಇಂಥ ದಿನ ಇಂಥ ಕಡೆ ನಮ್ಮ ಕಣ್ಣೆದುರಿಗೇ ಇಟ್ಟರು ಎಂದು. ಪತ್ರಿಕೆಯವರು ನನ್ನ ಫೋಟೊ ಹಾಕಿದರು. ಅದರಲ್ಲಿ ನಾನು ಯಾರನ್ನೋ ಹೊಡೆಯಲು ಹೊರಟವಳ ಹಾಗೆ ಕಾಣುತ್ತೇನೆ, ಇರಲಿ. ಕಂಪನಿಯವರು ಬಗ್ಗಿದರು. ಉತ್ತರದ ಗೋಲ್‌ಕಂಬ, ಅದರ ಮುಂದಿನ ಆರು ಗಜ ಹುಲ್ಲು, ಸುತ್ತ ಬೇಲಿ, ಎರಡು ಬೆಂಚು. ಅದನ್ನು ಮುಟ್ಟುವುದಿಲ್ಲ ಎಂದು ಬರೆದುಕೊಟ್ಟಿದ್ದಾರೆ. ಆ ಹುಡುಗುಮುಖದವನೇ ಬಂದು ನನ್ನ ಕೈ ಕುಲುಕಿದ. ಅವನಿಗೆ ನನ್ನ ಕಂಡರೆ ಈಗ ಸ್ವಲ್ಪ ಭಯ.

ಗಡಿಯಾರದ ವಿಷಯ ನೀನು ಬರೆದದ್ದು ನಿಜ. ನಾನು ಕ್ಲಬ್ಬಿಗೆ ಹೋಗಿ ಕೂಗಾಡಲಿಲ್ಲ. ಹೋಗಬೇಕಿತ್ತು. ಆದರೆ ಅದರ ಸಿಟ್ಟನ್ನು ವಿಲ್ಫ್‌ನ ಮೇಲೆ ತೀರಿಸಿಕೊಳ್ಳಲು ನಿನಗೆ ಹೇಗೆ ಮನಸ್ಸು ಬಂತೋ ತಿಳಿಯದು.

ಮೇ ಹತ್ತೊಂಬತ್ತು, ಸೋಮವಾರ, ಯಂತ್ರಗಳು ಬರುತ್ತವೆ. ಮೊದಲು ಎತ್ತುವುದು ದಕ್ಷಿಣದ ಆ ರಾಸ್‌ಬಿ ದಿಬ್ಬವನ್ನು. ಒಳ್ಳೇ ಗಟ್ಟಿ ಕಿಟ್ಟವಂತೆ, ಯಾವುದೋ ರಸ್ತೆಯ ತಳಕ್ಕೆ ಹಾಕಲು ಬೇಕಂತೆ. ಪೀಡೆ ತೊಲಗಲಿ. ವಿಲ್ಫ್ ಇದ್ದಿದ್ದರೆ ತಾನೇ ಸಲಿಕೆ ಹಿಡಿದುಕೊಂಡು ಹೋಗುತ್ತಿದ್ದ. ಮೂವತ್ತೆಂಟು ವರ್ಷ ಮೈದಾನಕ್ಕೆ ಹೋದವನು ಒಂದು ದಿನವೂ ಆ ದಿಬ್ಬದ ಮೆಟ್ಟಿಲು ತುಳಿದವನಲ್ಲ. ಟೋಪಿ ಗಾಳಿಗೆ ಹಾರಿ ಅಲ್ಲಿ ಬಿದ್ದಾಗ, ಬೇಡ ಬಿಡು ಎಂದು ಹೊಸ ಟೋಪಿ ಕೊಂಡವನು.

ಎಡ್ನಾ


ಬ್ರಿಡ್ಲಿಂಗ್ಟನ್
1 ಮೇ 1997

ಅಕ್ಕಾ,

ಈ ಕಾಗದವನ್ನು ಕೂತು ಓದು.

ಪುಸ್ತಕ ಕಳೆದಿಲ್ಲ. ನನ್ನ ಮುಂದೆಯೇ ಇದೆ. ಅದನ್ನು ಯಾಕೆ ಕಳಿಸಲಿಲ್ಲ ಎಂದು ಈಗ ಹೇಳಲೇಬೇಕು, ಹತ್ತೊಂಬತ್ತಕ್ಕೆ ಯಂತ್ರ ಬರುತ್ತದೆ ಎಂದು ನೀನೇ ಬರೆದಿದ್ದೀಯ.

ಚಿತಾಭಸ್ಮ ಹುಲ್ಲನ್ನು ಕೊಲ್ಲುತ್ತದೆ. ಅದರಲ್ಲಿ ಉಪ್ಪು ಜಾಸ್ತಿ. ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷ ಮೊದಲ ಬಾರಿ ಒಬ್ಬರನ್ನು ಗೋಲ್‌ಕಂಬದ ಮುಂದೆ ಇಟ್ಟೆ. ಮೂರು ವಾರಕ್ಕೆ ಅಲ್ಲಿ ತಟ್ಟೆಯಷ್ಟು ಅಗಲ ಹುಲ್ಲು ಸತ್ತಿತು, ಎರಡನೆಯವರನ್ನು ಇಟ್ಟಾಗ ಇನ್ನೊಂದು ತಟ್ಟೆ. ಗೋಲ್‌ಕೀಪರ್ ಅಲ್ಲಿ ಜಾರಿ ಬಿದ್ದು ರಾಸ್‌ಬಿಯವರು ಗೋಲು ಹೊಡೆದರು. ಇಡೀ ಊರು ನನ್ನನ್ನು ಉಗಿಯಿತು, ವಿಲ್ಫ್ ಭಾವನೂ ಸೇರಿ. ಹುಲ್ಲು ನೋಡಿಕೊಳ್ಳೋಕೆ ಬಾರದವನು ಕುರಿ ಕಾಯಲಿ ಎಂದು ಎಲ್ಲರ ಮುಂದೆ ಅಂದ, ನಿನಗೆ ನೆನಪಿರಬಹುದು. ಇನ್ನು ಮೇಲೆ ಯಾರ ಬೂದಿಯೂ ಬೇಡ ಎಂದು ಕ್ಲಬ್ಬಿನ ಕಾರ್ಯದರ್ಶಿ ಹೇಳಿದ. ಆದರೆ ಅಳುತ್ತಾ ಬಂದ ಹೆಂಗಸರನ್ನು ನೋಡಿ ಆಗುವುದಿಲ್ಲ ಎನ್ನಲು ಅವನಿಗೂ ಬಾಯಿ ಬರಲಿಲ್ಲ. ಅವರನ್ನು ನನ್ನ ಕಡೆ ಕಳಿಸುತ್ತಿದ್ದ. ನಿಮಗೆಲ್ಲ ಎರಡೂ ಬೇಕಿತ್ತು ಅಕ್ಕಾ, ಹುಲ್ಲು ಹಾಸಿಗೆಯ ಹಾಗೆ ಹಸಿರಾಗಿರಬೇಕು, ಸತ್ತವರು ಅದರ ಕೆಳಗೂ ಇರಬೇಕು.

ಅದಕ್ಕೆ ಒಂದು ದಾರಿ ಮಾಡಿಕೊಂಡೆ. ಮನೆಯವರ ಎದುರು ಹೆಂಟೆ ಎತ್ತಿ, ಬೂದಿ ಸುರಿಸಿ, ಮುಚ್ಚುತ್ತಿದ್ದೆ. ಸೋಮವಾರ ಬೆಳಿಗ್ಗೆ ಮತ್ತೆ ಎತ್ತಿ, ಒಂದು ಚಮಚವೂ ಉಳಿಯದಂತೆ ತೆಗೆದು, ಗೆರೆ ಬಳಿಯುವ ಸುಣ್ಣದ ಖಾಲಿ ಡಬ್ಬಿಗೆ ತುಂಬುತ್ತಿದ್ದೆ. ಮೊದಲಿನ ಇಬ್ಬರನ್ನೂ ಹಾಗೆಯೇ ತೆಗೆದೆ. ಮುಚ್ಚಳದ ಮೇಲೆ ಮೊಳೆಯಿಂದ ಹೆಸರು ಕೆತ್ತಿ ಬೇರೆ ಕಡೆ ಹೂಳುತ್ತಿದ್ದೆ. ಯಾರೂ ಅಗೆಯದ, ನೀರು ನಿಲ್ಲದ, ಏನೂ ಬೆಳೆಯದ ಜಾಗ ಇಡೀ ಮೈದಾನದಲ್ಲಿ ಒಂದೇ ಇತ್ತು.

ರಾಸ್‌ಬಿ ದಿಬ್ಬ.

ನಲವತ್ತೊಂದು ಜನರೂ ಅಲ್ಲಿದ್ದಾರೆ. ವಿಲ್ಫ್ ಭಾವನೂ. ಪ್ರತಿ ಸಲ ಟೋಪಿ ತೆಗೆದು, ಬಾಯಿಗೆ ಬಂದ ಪ್ರಾರ್ಥನೆ ಹೇಳಿಯೇ ಮಣ್ಣು ಮುಚ್ಚಿದ್ದೇನೆ. ಯಾರಿಗೂ ಅಗೌರವ ಮಾಡಿಲ್ಲ. ನೀವು ಗೋಲ್‌ಕಂಬಕ್ಕಾಗಿ ಹೋರಾಡುತ್ತಿದ್ದೀರಿ ಎಂದು ಓದಿದಾಗ, ಸೋತರೆ ಎಲ್ಲ ತಣ್ಣಗಾಗುತ್ತದೆ ಎಂದುಕೊಂಡೆ. ನೀನು ಗೆದ್ದೆ.

ನಾರ್ಮನ್


ಕ್ಲೆಗ್‌ಡೇಲ್
5 ಮೇ 1997

ನಾರ್ಮನ್,

ನಿನ್ನ ಕಾಗದವನ್ನು ಮೂರು ಸಲ ಹರಿಯಲು ಹೋದೆ. ಪುರಾವೆ ಬೇಕಲ್ಲ, ಇಟ್ಟುಕೊಂಡಿದ್ದೇನೆ.

ವಿಲ್ಫ್ ಹೋಗಿ ಏಳೂವರೆ ವರ್ಷ! ಶನಿವಾರ ತಪ್ಪಿಸಿದವಳಲ್ಲ ನಾನು. ಪಂದ್ಯ ಮುಗಿದು ಜನ ಹೋದ ಮೇಲೆ ಆ ಗೋಲ್‌ಕಂಬದ ಹತ್ತಿರ ನಿಂತು ವಿಲ್ಫ್‌ನ ಜೊತೆ ಮಾತಾಡುತ್ತಿದ್ದೆ. ಛಾವಣಿ ಸೋರುತ್ತಿದೆ ಎಂದು ಹೇಳಿದೆ. ಎದೆಯಲ್ಲಿ ಗಂಟು ಬಂದದ್ದನ್ನು, ಕತ್ತರಿಸಿ ತೆಗೆದದ್ದನ್ನು ಹೇಳಿದೆ, ಬೇರೆ ಯಾರಿಗೂ ಹೇಳಿರಲಿಲ್ಲ. ಗೇಟಿಗೆ ಬೀಗ ಬಿದ್ದ ಮೇಲೆ ಬೇಲಿಯಾಚೆಯಿಂದಲೇ ಹೇಳಿದೆ. ಮೈದಾನ ತೆರೆದಿದ್ದಾಗ ನೀನು ಹತ್ತು ಗಜ ದೂರದಲ್ಲಿ ಕುಂಟೆ ಹಿಡಿದು ನಿಂತಿರುತ್ತಿದ್ದೆ. ಒಂದು ದಿನ ಚಹಾ ತಂದುಕೊಟ್ಟೆ. "ನಿಧಾನವಾಗಿ ಮಾತಾಡ್ಕೋ ಅಕ್ಕ, ನಾನು ಆಮೇಲೆ ಬೀಗ ಹಾಕ್ತೀನಿ" ಅಂದೆ. ಖಾಲಿ ನೆಲಕ್ಕೆ ಮಾತಾಡುವ ಹುಚ್ಚಿಗೆ ಚಹಾ ಕೊಟ್ಟೆಯಲ್ಲ, ನಿನಗೆ ಸ್ವಲ್ಪವೂ ನಾಚಿಕೆಯಾಗಲಿಲ್ಲವೆ?

ಅದೂ ಯಾವ ಜಾಗ! ಕುರಿ ಕಾಯಲಿ ಎಂದ ಒಂದು ಮಾತಿಗೆ ಅವನನ್ನು ರಾಸ್‌ಬಿಯವರ ಕಾಲ ಕೆಳಗೆ ಹಾಕಿದೆಯ? ಆ ಕಾರಣಕ್ಕಲ್ಲ ಎಂದು ನೀನು ಆಣೆ ಇಟ್ಟರೂ ನಾನು ನಂಬುವುದಿಲ್ಲ.

ನಾನು ವಕೀಲರ ಮುಂದೆ ಪ್ರಮಾಣ ಮಾಡಿದ್ದು ಸುಳ್ಳಾಯಿತು. ನಲವತ್ತು ಮನೆಯವರಿಂದ ಸುಳ್ಳು ಪ್ರಮಾಣ ಮಾಡಿಸಿದವಳೂ ನಾನೇ ಆದೆ. ಶುಕ್ರವಾರ ಸಂಜೆ ಚಾಪೆಲ್ಲಿನ ಸಭಾಂಗಣದಲ್ಲಿ ಎಲ್ಲರೂ ಸೇರುತ್ತಿದ್ದೇವೆ. ನೀನು ಬಂದು, ಅವರೆಲ್ಲರ ಮುಂದೆ ನಿಂತು, ನಿನ್ನ ಬಾಯಿಂದ ಹೇಳು. ಬರದಿದ್ದರೆ ನನಗೆ ತಮ್ಮನಿಲ್ಲ.

ಎಡ್ನಾ ಹೆಪ್‌ವರ್ತ್


ಬ್ರಿಡ್ಲಿಂಗ್ಟನ್
7 ಮೇ 1997

ಅಕ್ಕಾ,

ಪುಸ್ತಕ ಈ ಕಟ್ಟಿನಲ್ಲಿದೆ. ಯಾವ ಮೆಟ್ಟಿಲು, ಯಾವ ಕಂಬದಿಂದ ಎಷ್ಟು ಹೆಜ್ಜೆ, ಎಲ್ಲ ಬರೆದಿದೆ. ನನ್ನಿಂದ ಅವರ ಮುಖ ನೋಡಲು ಆಗುವುದಿಲ್ಲ. ನೀನೇ ಹೇಳಿಬಿಡು, ಬೇಕಾದಷ್ಟು ಬೈದು ಹೇಳು.

ನಾ.


ಕ್ಲೆಗ್‌ಡೇಲ್
10 ಮೇ 1997

ನಾರ್ಮನ್,

ನಾನೂ ಹೇಳಲಿಲ್ಲ.

ನಿನ್ನ ಕಾಗದವನ್ನು ಕೈಚೀಲದಲ್ಲಿ ಇಟ್ಟುಕೊಂಡು ಎದ್ದು ನಿಂತೆ. ಅಷ್ಟರಲ್ಲಿ ಆಲಿವ್ ಬ್ಯಾರಕ್ಲಫ್ ಬಂದು ನನ್ನ ಕೈ ಹಿಡಿದುಕೊಂಡಳು. ಗೋಲ್‌ಕಂಬ ಉಳಿಯಿತು ಎಂದು ಗೊತ್ತಾದ ರಾತ್ರಿಯಿಂದ ಮಾತ್ರೆ ಇಲ್ಲದೆ ನಿದ್ದೆ ಮಾಡುತ್ತಿದ್ದಾಳಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರೋ ಹಂದಿಮಾಂಸದ ಕಡುಬು ತಂದಿದ್ದರು, ಒಂದು ತುಂಡು ನನ್ನ ಕೈಗೆ ಕೊಟ್ಟರು. ನಾನು ಅದನ್ನು ತಿಂದೆ ನಾರ್ಮನ್. ತಿಂದು, ಬೆಂಚುಗಳಿಗೆ ಯಾವ ಬಣ್ಣ ಹೊಡೆಯಬೇಕೆಂಬ ಚರ್ಚೆಯಲ್ಲಿ ಮಾತಾಡಿ, ಮನೆಗೆ ಬಂದು ವಾಂತಿ ಮಾಡಿದೆ. ಇಪ್ಪತ್ತೊಂಬತ್ತು ವರ್ಷ ನೀನು ಹೇಗೆ ಬಾಯಿ ಮುಚ್ಚಿಕೊಂಡಿದ್ದೆ ಎಂದು ಈಗ ಗೊತ್ತಾಯಿತು. ಗೊತ್ತಾದದ್ದಕ್ಕೆ ನಿನ್ನ ಮೇಲೆ ಇನ್ನೂ ಸಿಟ್ಟು ಬರುತ್ತಿದೆ.

ಹದಿನೆಂಟು, ಭಾನುವಾರ. ಮೈದಾನದ ಹಿಂದಿನ ಸಣ್ಣ ಬಾಗಿಲಿನ ಕೀಲಿಕೈ ನಿನ್ನ ಹತ್ತಿರವೇ ಇದೆ, ಅದನ್ನು ವಾಪಸು ಕೇಳುವಷ್ಟು ಬುದ್ಧಿ ಕ್ಲಬ್ಬಿನವರಿಗೆ ಇಲ್ಲ. ಬೆಳಿಗ್ಗೆ ಐದಕ್ಕೆ ಬಾ, ಸಲಿಕೆ ತಾ. ನಲವತ್ತೊಂದು ಡಬ್ಬಿಯನ್ನೂ ಎತ್ತಿ ಗೋಲ್‌ಕಂಬದ ಮುಂದೆ ಸುರಿಯೋಣ. ಹುಲ್ಲು ಸತ್ತರೆ ಸಾಯಲಿ. ನನ್ನೊಡನೆ ಮಾತಾಡಬೇಡ, ಅಗೆ ಅಷ್ಟೆ.

ಎಡ್ನಾ


ಕ್ಲೆಗ್‌ಡೇಲ್
24 ಆಗಸ್ಟ್ 1997

ನಾರ್ಮನ್,

ನಿನ್ನ ಮೂರು ಕಾಗದಗಳೂ ಬಂದಿವೆ. ಉತ್ತರ ಬರೆಯುವ ಮನಸ್ಸಿರಲಿಲ್ಲ. ಆ ಭಾನುವಾರ ನೀನು ಗುದ್ದಲಿ ಬಿಸಾಡಿ, ಕೈಯ ರಕ್ತವನ್ನೂ ತೊಳೆದುಕೊಳ್ಳದೆ ಬಸ್ಸಿಗೆ ಓಡಿದೆ. ಸೋಮವಾರ ಏನಾಯಿತು ಎಂದು ಮೂರು ಸಲವೂ ಕೇಳಿದ್ದೀಯ. ಬರೆಯುತ್ತೇನೆ.

ನಲವತ್ತು ಡಬ್ಬಿ ಎತ್ತಿದೆವು. ಪುಸ್ತಕದಲ್ಲಿ ಬರೆದ ಹಾಗೆಯೇ ಒಂದೊಂದೂ ಸಿಕ್ಕಿತು, ಅದನ್ನು ಒಪ್ಪುತ್ತೇನೆ. ಬೇರೆಯವರೆಲ್ಲ ಗೋಲ್‌ಕಂಬ ಸೇರಿದರು. ಉಳಿದದ್ದು ಮೂವತ್ತನಾಲ್ಕನೆಯದು. ಆ ಮೆಟ್ಟಿಲಿನ ಮೇಲೆ ಜನರ ನೂಕುನುಗ್ಗಲಿಗೆಂದು ಹಾಕಿದ ಕಬ್ಬಿಣದ ತಡೆಯ ಕಾಂಕ್ರೀಟು ಕೂತಿತ್ತು, ಎಷ್ಟು ಗುದ್ದಿದರೂ ಒಡೆಯಲಿಲ್ಲ. ತೊಂಬತ್ತರಲ್ಲಿ ನೀನು ಜ್ವರ ಬಂದು ಮಲಗಿದ್ದ ವಾರ ಅದನ್ನು ಹಾಕಿದರು ಎಂದು ನೀನೇ ಅಂದೆ. ಎದ್ದು ಬಂದ ಮೇಲೆ ನೋಡಿ, ಏನೂ ಹೇಳಲಾರದೆ ಸುಮ್ಮನಾದೆ ಎಂದೆ. ಆ ಹೊತ್ತಿನಲ್ಲಿ ಸಲಿಕೆ ನನ್ನ ಕೈಲಿತ್ತು, ನಿನ್ನ ತಲೆ ನನ್ನ ಮುಂದೆಯೇ ಇತ್ತು. ಏನು ಯೋಚಿಸಿದೆ ಎಂದು ಬರೆಯುವುದಿಲ್ಲ.

ಮಾರನೇ ದಿನ ಏಳು ಗಂಟೆಗೆ ದಿಬ್ಬದ ಮುಂದೆ ಹೋಗಿ ನಿಂತೆ. ಯಂತ್ರದವನು ದಪ್ಪ ಮೀಸೆಯ ಮನುಷ್ಯ. ಇಳಿದು ಬಂದು ಪಕ್ಕಕ್ಕೆ ಹೋಗಿ ಎಂದು ಬೇಡಿಕೊಂಡ. ಆ ಕಾಂಕ್ರೀಟನ್ನು ಮೆಲ್ಲಗೆ ಎತ್ತು, ಅದರ ಕೆಳಗೆ ಒಂದು ಡಬ್ಬಿ ಇದೆ ಎಂದೆ.

"ಏನಿದೆ ತಾಯಿ ಅದ್ರಲ್ಲಿ?"

"ನನ್ನ ಗಂಡ."

ಅವನು ಮತ್ತೆ ಹತ್ತಿ ಕೂತ. ಯಂತ್ರದ ಹಲ್ಲನ್ನು ಕಾಂಕ್ರೀಟಿನ ಅಂಚಿಗೆ ಕೊಟ್ಟು ಎಷ್ಟು ನಿಧಾನವಾಗಿ ಎತ್ತಿದ ಎಂದರೆ, ಮಗುವನ್ನು ತೊಟ್ಟಿಲಿನಿಂದ ಎತ್ತುವಾಗಲೂ ಅಷ್ಟು ನಿಧಾನ ಇರಲಾರದು. ಆದರೂ ಅದು ನಡುವೆ ಬಿರುಕು ಬಿಟ್ಟು ಅರ್ಧ ಕಳಚಿ ಬಿತ್ತು, ದಿಬ್ಬ ಕುಸಿಯಿತು. ಸುಣ್ಣದ ಡಬ್ಬಿ ಅಪ್ಪಚ್ಚಿಯಾಗಿ ಬಾಯಿ ಬಿಟ್ಟಿತ್ತು. ಬೆಳ್ಳಗೆ ಏನೋ ಒಂದು ಕ್ಷಣ ಕಂಡಿತು, ಆಮೇಲೆ ಎಲ್ಲ ಕಿಟ್ಟದಲ್ಲಿ ಸೇರಿಹೋಯಿತು. ನಾನು ಮಂಡಿಯೂರಿ ಕೈಯಿಂದ ಕೆದಕಿದೆ. ಅವನೂ ಇಳಿದು ಬಂದು ಟೋಪಿ ಕಿಸೆಗೆ ತುರುಕಿ ನನ್ನ ಜೊತೆ ಕೆದಕಿದ. ಸಿಕ್ಕಿದ್ದು ಮುಚ್ಚಳ ಮಾತ್ರ. ಹಿಂದೆ ನಾಲ್ಕು ಲಾರಿಗಳು ನಿಂತು ಹಾರ್ನ್ ಹಾಕುತ್ತಿದ್ದವು.

ಆ ಲೋಡು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ಹೆದ್ದಾರಿಯಿಂದ ಹೊಸ ಮೈದಾನಕ್ಕೆ ಹೋಗುವ ರಸ್ತೆ ಅಗಲ ಮಾಡುತ್ತಿದ್ದಾರೆ, ಅದರ ತಳಕ್ಕೆ ಎಂದ. ಅವತ್ತೇ ಹೋಗಿ ನೋಡಿಕೊಂಡು ಬಂದೆ. ದೊಡ್ಡ ವೃತ್ತ ದಾಟಿದ ಮೇಲೆ ಎಡಬದಿಯ ನೂರು ಗಜ.

ಜುಲೈನಲ್ಲಿ ಗೋಲ್‌ಕಂಬದ ತೋಟ ತೆರೆದರು. ರಿಬ್ಬನ್ ಕತ್ತರಿಸಿದ್ದು ನಾನು. ಹುಲ್ಲೆಲ್ಲ ಹಳದಿಯಾಗಿ ಸತ್ತಿತ್ತು, ಕಂಪನಿಯವನು ನಾಚಿಕೊಂಡು ಹೊಸ ಹುಲ್ಲು ಹಾಕಿಸುತ್ತೇನೆ ಎಂದ. ಮುಟ್ಟಿದರೆ ಕೈ ಮುರಿಯುತ್ತೇನೆ ಎಂದೆ, ಎಲ್ಲರೂ ನಕ್ಕರು. ಅಲ್ಲಿ ನಲವತ್ತು ಮನೆಯವರೂ ತಮ್ಮವರ ಮುಂದೆ ನಿಂತು ಅತ್ತರು, ಸರಿಯಾದ ಜಾಗದಲ್ಲಿಯೇ ಅತ್ತರು. ವಿಲ್ಫ್ ಇದ್ದ ಕಡೆ ಹೂ ಇಡು ಎಂದು ಆಲಿವ್ ನನ್ನನ್ನು ಮುಂದೆ ತಳ್ಳಿದಳು. ಇಟ್ಟೆ. ನಲವತ್ತು ಜನರಿಗಾಗಿ ಹೊಡೆದಾಡಿ ನನ್ನವನನ್ನು ಕಳೆದುಕೊಂಡೆ ನಾರ್ಮನ್, ಅದನ್ನು ಹೇಳಿಕೊಂಡು ಅಳಲು ಒಂದು ಹೆಗಲೂ ಇಲ್ಲ.

ಹೊಸ ಮೈದಾನಕ್ಕೆ ಜನ್ಮದಲ್ಲಿ ಕಾಲಿಡುವುದಿಲ್ಲ ಎಂದಿದ್ದೆ. ನಿನ್ನೆ ಹೋದೆ. ಪಂದ್ಯ ನೋಡಲಿಲ್ಲ, ಅಲ್ಲಿಯವರೆಗೆ ನಡೆದುಹೋಗಿ ವಾಪಸು ನಡೆದುಬಂದೆ. ಬಸ್ಸಿದೆ ಎಂದು ಇಬ್ಬರು ಮೂವರು ಹೇಳಿದರು. ಛಾವಣಿ ರಿಪೇರಿಯಾದ ವಿಷಯವನ್ನು ರಸ್ತೆಗೆ ಹೇಳಿದೆ.

ಸೆಪ್ಟೆಂಬರ್ ಹದಿಮೂರು, ಶನಿವಾರ, ರಾಸ್‌ಬಿಯವರ ಜೊತೆ ಪಂದ್ಯವಿದೆ. ಅವರ ಬಸ್ಸುಗಳೆಲ್ಲ ಹಾಡಿಕೊಂಡು ಅದೇ ರಸ್ತೆಯಲ್ಲಿ ಬರುತ್ತವೆ, ವಿಲ್ಫ್‌ನ ಮೇಲೆ. ಅದನ್ನು ಒಬ್ಬಳೇ ನಿಂತು ನೋಡಲು ನನ್ನಿಂದ ಆಗದು. ಕ್ಷಮಿಸಿದಳು ಎಂದು ತಿಳಿಯಬೇಡ, ಕ್ಷಮಿಸಿಲ್ಲ. ಅವನು ಎಲ್ಲಿದ್ದಾನೆ ಎಂದು ಗೊತ್ತಿರುವವರು ಪ್ರಪಂಚದಲ್ಲಿ ನಾವಿಬ್ಬರೇ. ಮಧ್ಯಾಹ್ನ ಎರಡು ಗಂಟೆಯೊಳಗೆ ದೊಡ್ಡ ವೃತ್ತದ ಹತ್ತಿರ ಇರು.

ನಿನ್ನ ಅಕ್ಕ,
ಎಡ್ನಾ